ಪ್ರಜಾಪ್ರಭುತ್ವಕ್ಕೆ ಬಲ ಕೊಡುವ ವಿದ್ಯಾರ್ಥಿ ಸಂಶೋಧನೆ: ಗುರುತಿಸಿ ಗೌರವಿಸುವುದು ಹೇಗೆ?

ಗ್ರೆಗರಿ ವಾಟ್ಸನ್ 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದರು. ಸಂಸದರ ಸಂಬಳ ಬದಲಾದರೆ ಅದು ಮುಂದಿನ ಚುನಾವಣೆ ಮುಗಿಯುವ ತನಕ ಜಾರಿಗೆ ಬರಬಾರದು ಎನ್ನುವ ತಿದ್ದುಪಡಿಯೊಂದು 1789ರಿಂದಲೂ ಅಮೆರಿಕದ ರಾಜ್ಯಗಳ ಮುಂದೆ ಬಾಕಿ ಉಳಿದಿತ್ತು. ಅದಕ್ಕೆ ಗಡುವೇ ಇಲ್ಲ, ಈಗಲೂ ಒಪ್ಪಿಗೆ ಕೊಡಬಹುದು ಎಂದು ವಾಟ್ಸನ್ ತಮ್ಮ ಅಸೈನ್‌ಮೆಂಟಿನಲ್ಲಿ ವಾದಿಸಿದರು. ಸಿಕ್ಕಿದ್ದು ‘ಸಿ’ ಗ್ರೇಡ್. ಅವರು ಸುಮ್ಮನಾಗಲಿಲ್ಲ, ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತಲೇ ಹೋದರು. 1992ರಲ್ಲಿ ಅದು ಸಂವಿಧಾನದ 27ನೇ ತಿದ್ದುಪಡಿಯಾಯಿತು. ಆ ಗ್ರೇಡ್ ‘ಎ’ ಆಗಿದ್ದು 2017ರಲ್ಲಿ!

ಇಂಥ ಕೆಲಸ ವಿದ್ಯಾರ್ಥಿ ಇನ್ನೂ ಓದುತ್ತಿರುವಾಗಲೇ ನಮ್ಮ ಕಣ್ಣಿಗೆ ಬೀಳಬೇಕು. ನಿಮ್ಮ ವಿಭಾಗದಲ್ಲೋ ವಿಶ್ವವಿದ್ಯಾಲಯದಲ್ಲೋ ಅದಕ್ಕೊಂದು ಪ್ರಶಸ್ತಿ ಶುರು ಮಾಡುವ ಯೋಚನೆ ಇದ್ದರೆ ಹೀಗೆ ಮಾಡಿ.

ಮೊದಲು, ಯಾವುದಕ್ಕೆ ಪ್ರಶಸ್ತಿ ಎಂದು ಬರೆದಿಡಿ

ಪ್ರಜಾಪ್ರಭುತ್ವವನ್ನು ಹೊಗಳುವ ಪ್ರಬಂಧ ನಮಗೆ ಬೇಡ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದನ್ನು ಓದಿದ ಸಾಮಾನ್ಯ ಪ್ರಜೆ, ನಿನ್ನೆ ಕೇಳಲಾಗದ ಯಾವ ಪ್ರಶ್ನೆಯನ್ನು ಇವತ್ತು ಕೇಳಬಲ್ಲ? ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗುತ್ತಿದೆ, ಸಭೆಯಲ್ಲಿ ತೆಗೆದುಕೊಂಡ ನಿರ್ಣಯಕ್ಕೂ ಖರ್ಚಾದ ಹಣಕ್ಕೂ ತಾಳೆಯಾಗುತ್ತದೆಯಾ, ಸುಳ್ಳು ಸುದ್ದಿ ಯಾವ ದಾರಿಯಲ್ಲಿ ಹರಡುತ್ತದೆ – ಇವೆಲ್ಲ ಅಂಥ ಪ್ರಶ್ನೆಗಳೇ. ಹಾಗಾಗಿ ರಾಜ್ಯಶಾಸ್ತ್ರದವರಿಗೆ ಮಾತ್ರ ಎಂದು ಬೇಲಿ ಹಾಕಬೇಡಿ. ಗಣಿತ, ಕಾನೂನು, ಕಂಪ್ಯೂಟರ್ ಓದುವವರಿಗೂ ಅವಕಾಶ ಇರಲಿ.

‘ಹುಡುಕಿದೆವು, ಅಕ್ರಮ ಕಾಣಲಿಲ್ಲ’ ಎನ್ನುವ ಸಂಶೋಧನೆಗೂ ಇಲ್ಲಿ ಜಾಗ ಇದೆ. ಜನರ ಅನುಮಾನ ನಿವಾರಿಸುವುದೂ ದೊಡ್ಡ ಕೆಲಸ ಅಲ್ವಾ?

ಅರ್ಜಿ ಒಂದೇ ಪುಟ ಇರಲಿ

ಶೈಕ್ಷಣಿಕ ವರ್ಷದ ಆರಂಭದಲ್ಲೇ ಪ್ರಕಟಣೆ ಕೊಡಿ. ಕೊನೆಯಲ್ಲಿ ಕೊಟ್ಟರೆ ಕಪಾಟಿನಲ್ಲಿದ್ದ ಹಳೇ ಪ್ರಾಜೆಕ್ಟ್‌ಗಳೇ ಜಾಸ್ತಿ ಬರುತ್ತವೆ. ಏನು ಕೇಳಿದೆ, ಹೇಗೆ ಹುಡುಕಿದೆ, ಏನು ಸಿಕ್ಕಿತು, ಯಾರಿಗೆ ಉಪಯೋಗ – ಇಷ್ಟನ್ನು ಮನೆಯವರಿಗೆ ಹೇಳುವಷ್ಟು ಸರಳವಾಗಿ ಬರೆಯಲಿ. ತಾನಾಗಿ ಅರ್ಜಿ ಹಾಕಲು ಹಿಂಜರಿಯುವವರು ಇರುತ್ತಾರೆ. ಅದಕ್ಕೇ ಮೇಷ್ಟ್ರು, ಗ್ರಂಥಪಾಲಕರು, ಸಹಪಾಠಿಗಳು ಕೂಡ ಹೆಸರು ಸೂಚಿಸುವಂತಿರಲಿ.

ತೀರ್ಪುಗಾರರು ಯಾರು?

ಐದು ಜನ ಸಾಕು. ವಿಷಯ ಬಲ್ಲವರು, ಅಂಕಿಅಂಶ ಬಲ್ಲವರು, ಕ್ಯಾಂಪಸ್ಸಿನ ಹೊರಗಿನವರು ಒಬ್ಬರಾದರೂ ಇರಬೇಕು. ಅಧಿಕಾರದಲ್ಲಿರುವ ರಾಜಕಾರಣಿ, ಪಕ್ಷದ ಪದಾಧಿಕಾರಿ ಬೇಡವೇ ಬೇಡ. ತಮ್ಮ ವಿದ್ಯಾರ್ಥಿಯ ಅರ್ಜಿ ಬಂದಾಗ ಗೈಡ್ ಎದ್ದು ಹೊರಗೆ ಹೋಗಬೇಕು. ಎಲ್ಲರೂ ಮೊದಲು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಸಭೆ ಸೇರಲಿ. ಇಲ್ಲದಿದ್ದರೆ ಹಿರಿಯರು ಹೇಳಿದ್ದೇ ತೀರ್ಪಾಗುತ್ತದೆ.

ಲೆಕ್ಕ ತಾಳೆ ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹಂತ ಇದು. ಥಾಮಸ್ ಹರ್ನ್‌ಡನ್ ಅವರ ಕೆಲಸ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದರು. ಪ್ರಕಟವಾದ ಒಂದು ಅಧ್ಯಯನದ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಅವರ ತರಗತಿಯ ಕೆಲಸ. ಅವರು ಹಾರ್ವರ್ಡ್‌ನ ಇಬ್ಬರು ಹೆಸರಾಂತ ಪ್ರಾಧ್ಯಾಪಕರ 2010ರ ಲೇಖನ ಆರಿಸಿಕೊಂಡರು. ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳ ಸರಾಸರಿ ಆರ್ಥಿಕ ಬೆಳವಣಿಗೆ ಸೊನ್ನೆಗಿಂತ ತುಸು ಕೆಳಗೆ, ಅಂದರೆ ಶೇ ಮೈನಸ್ 0.1 ಎಂದು ಅದರಲ್ಲಿತ್ತು. ಸರ್ಕಾರಿ ಖರ್ಚು ಕಡಿತ ಮಾಡಬೇಕೆಂದ ರಾಜಕಾರಣಿಗಳು ಇದನ್ನೇ ಎತ್ತಿ ತೋರಿಸುತ್ತಿದ್ದರು. ಎಷ್ಟು ಸಲ ಮಾಡಿದರೂ ಹರ್ನ್‌ಡನ್ ಅವರಿಗೆ ಆ ಉತ್ತರ ಬರಲಿಲ್ಲ. ಲೇಖಕರನ್ನೇ ಕೇಳಿ ಎಕ್ಸೆಲ್ ಹಾಳೆ ತರಿಸಿಕೊಂಡರು. ಸರಾಸರಿ ತೆಗೆಯುವಾಗ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ – ಈ ಐದು ಸಾಲುಗಳೇ ಸೇರಿರಲಿಲ್ಲ. ಲೆಕ್ಕದ ವಿಧಾನದಲ್ಲೂ ಬೇರೆ ತೊಂದರೆಗಳಿದ್ದವು. ಎಲ್ಲ ಸರಿಪಡಿಸಿದ ಮೇಲೆ, 2013ರಲ್ಲಿ ಇಬ್ಬರು ಪ್ರಾಧ್ಯಾಪಕರೊಂದಿಗೆ ಸೇರಿ ಅವರು ಕೊಟ್ಟ ಉತ್ತರ ಶೇ 2.2.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಬೇರೆಯವರ ಲೆಕ್ಕವನ್ನು ಮತ್ತೆ ಮಾಡಿ ನೋಡುವುದೂ ಪ್ರಶಸ್ತಿಗೆ ಯೋಗ್ಯವಾದ ಸಂಶೋಧನೆ. ಹಾಗೆಯೇ, ನಿಮ್ಮ ಮುಂದೆ ಬಂದ ಅರ್ಜಿಯ ಲೆಕ್ಕವನ್ನೂ ಯಾರಾದರೂ ಮತ್ತೆ ಮಾಡಬೇಕು. ಅಂತಿಮ ಸುತ್ತಿಗೆ ಬಂದವರಿಂದ ಮೂಲ ದತ್ತಾಂಶ ತರಿಸಿಕೊಳ್ಳಿ. ಮುಖ್ಯವಾದ ಒಂದು ಕೋಷ್ಟಕವನ್ನಾದರೂ ತೀರ್ಪುಗಾರರಲ್ಲಿ ಒಬ್ಬರು ಕೂತು ಮೊದಲಿಂದ ಮಾಡಲಿ.

ಮಾಹಿತಿ ಕೊಟ್ಟವರ ಸುರಕ್ಷತೆಯನ್ನೂ ಇಲ್ಲೇ ನೋಡಬೇಕು. ಅಧಿಕಾರಿಯ ಮೇಲೆ ದೂರು ಹೇಳಿದವರ ಹೆಸರು, ಮನೆ, ಕೆಲಸದ ಸುಳಿವು ವರದಿಯಲ್ಲಿ ಉಳಿದಿದೆಯಾ? ಅವರ ಒಪ್ಪಿಗೆ ಪಡೆದಿದ್ದಾರಾ? ಇದರಲ್ಲಿ ಎಡವಿದ್ದರೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದು ಸರಿಯಾಗುವವರೆಗೆ ತಡೆಹಿಡಿಯಿರಿ.

ಮುಖಾಮುಖಿ ಮಾತು

ಇಪ್ಪತ್ತು ನಿಮಿಷ ಸಾಕು. ‘ನಿನ್ನ ತೀರ್ಮಾನ ತಪ್ಪು ಎನ್ನಬೇಕಾದರೆ ಏನು ಕಾಣಬೇಕಿತ್ತು? ಅದನ್ನು ಹುಡುಕಿದೆಯಾ?’ ಎಂದು ಕೇಳಿ. ಪಕ್ಷದ ಪ್ರಚಾರಕ್ಕೂ ಸಂಶೋಧನೆಗೂ ಇರುವ ವ್ಯತ್ಯಾಸ ಇದರಲ್ಲೇ ಗೊತ್ತಾಗುತ್ತದೆ. ಕೆಲಸದಲ್ಲಿ ವಿದ್ಯಾರ್ಥಿಯ ಪಾಲೆಷ್ಟು, ಗೈಡ್ ಪಾಲೆಷ್ಟು ಎನ್ನುವುದೂ ಸ್ಪಷ್ಟವಾಗುತ್ತದೆ.

ಕೊಡುವಾಗ

ಪ್ರಶಸ್ತಿ ಪತ್ರದಲ್ಲಿ ‘ಉತ್ತಮ ಸಂಶೋಧನೆಗಾಗಿ’ ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. ‘ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ಪರಿಶೀಲಿಸಿ, ಬಾಡಿಗೆ ಮನೆಯವರ ಹೆಸರೇ ಹೆಚ್ಚಾಗಿ ಬಿಟ್ಟುಹೋಗಿರುವುದನ್ನು ತೋರಿಸಿದ್ದಕ್ಕಾಗಿ’ ಎಂದು ಬರೆಯಿರಿ. ಹಣ ಸ್ವಲ್ಪವೇ ಇದ್ದರೂ ಪರವಾಗಿಲ್ಲ. ಸಂಶೋಧನೆಯ ಸಾರಾಂಶವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಒಂದು ಪ್ರತಿಯನ್ನು ಸಂಬಂಧಪಟ್ಟ ಕಚೇರಿಗೆ ವಿಶ್ವವಿದ್ಯಾಲಯದ ಹೆಸರಿನಲ್ಲೇ ಕಳಿಸಿ, ಸ್ವೀಕೃತಿ ಪಡೆಯಿರಿ. ಯಾರಿಗಾದರೂ ಸಿಟ್ಟು ಬಂದರೆ ಆ ಹುಡುಗಿಯೋ ಹುಡುಗನೋ ಒಂಟಿಯಾಗಿ ಎದುರಿಸುವಂತಾಗಬಾರದು.

ಒಂದು ವರ್ಷ ಬಿಟ್ಟು ಆ ಕಚೇರಿಗೆ ಮತ್ತೆ ಪತ್ರ ಬರೆದು, ಏನು ಕ್ರಮ ಆಯಿತು ಎಂದು ಕೇಳಿ. ಬಂದ ಉತ್ತರವನ್ನು ಸಾರಾಂಶದ ಕೆಳಗೇ ಸೇರಿಸಿ. ಉತ್ತರ ಬರದಿದ್ದರೆ, ಬರಲಿಲ್ಲ ಎಂದು ತಾರೀಖು ಹಾಕಿ ಸೇರಿಸಿ.