ಕೊಂಬೆ ಬಡಿದು ಎಣಿಸಿದ ಲೆಕ್ಕ: ಎಲೆ ಉಲಿಯಕ್ಕಿಗಳ ಚಳಿಗಾಲದ ಮೇವು

ಕೊಂಬೆಯಡಿ ಬಟ್ಟೆ ಹಿಡಿದು, ಕೋಲಿನಿಂದ ಬಡಿದು, ಬಿದ್ದ ಹುಳು-ಜೇಡ ಎಣಿಸಿದರೆ ಲೆಕ್ಕ ಕೂಡುವುದಿಲ್ಲ, ಹಾರುವ ಹುಳು ಬಂದು ಅಂಟುವ ಅಂಟುಹಾಳೆಯೇ ಸರಿ ಎಂದವರೇ ಹೆಚ್ಚು. ಮೂರು ಚಳಿಗಾಲ ಎಣಿಸಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ, ಚಳಿಗಾಲಕ್ಕೆ ವಲಸೆ ಬಂದು ಎಲೆಯ ಹುಳು ಹೆಕ್ಕುವ ಪುಟ್ಟ ಹಕ್ಕಿಗಳಾದ ಎಲೆ ಉಲಿಯಕ್ಕಿಗಳ (ಲೀಫ್ ವಾರ್ಬ್ಲರ್) ಮೇವು ಅಳೆಯಲು ಬಟ್ಟೆಗೆ ಸಾಟಿಯಿಲ್ಲ. ಜಾಗ ಮೂಡಿಗೆರೆ ಕಡೆಯ ಕಾಡಂಚಿನ ಖಾಸಗಿ ಜಮೀನು, ಎತ್ತರ ಹೆಚ್ಚುಕಡಿಮೆ 1000 ಮೀಟರ್. ಅಭಯಾರಣ್ಯದೊಳಗೆ ಮಾಡುವವರು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು.

ಮೊದಲ ವರ್ಷ ಹಳದಿ ಅಂಟುಹಾಳೆಗೆ ದುಡ್ಡು ಸುರಿದೆ. ಹಾಳೆಗೆ 25 ರೂಪಾಯಿಯಂತೆ, ತಂತಿಬಲೆಯೂ ಸೇರಿ ನಾಲ್ಕು ಸಾವಿರ ದಾಟಿತು. ಸಿಕ್ಕಿದ್ದು ಥ್ರಿಪ್ಸ್, ಬಿಳಿನೊಣ, ಗುಂಗಾಡು. ಎಲೆಯಡಿ ಕೂತದ್ದನ್ನು ಹೆಕ್ಕುವ ಎಂಟು ಗ್ರಾಂ ಹಕ್ಕಿಗೆ ಅದರಿಂದೇನು? ಹಾರುವ ಹುಳು ಹಿಡಿಯುವ ನೊಣಹಿಡುಕ ಹಕ್ಕಿಗಳ ಮಾತು ಬೇರೆ. ತಂತಿಬಲೆ ಮುಚ್ಚದೆ ಅಂಟುಹಾಳೆ ಕಟ್ಟಲೇಬೇಡಿ, ಹಕ್ಕಿಯೇ ಅಂಟಿಕೊಂಡು ಸಾಯುತ್ತದೆ.

ಬಟ್ಟೆಯ ಖರ್ಚು 300 ರೂಪಾಯಿಯೊಳಗೆ. ಒಂದು ಮೀಟರ್ ಚೌಕದ ಬಿಳಿ ಪಾಪ್ಲಿನ್, ಮೂಲೆಗಳಿಗೆ ಜೇಬು, ಅಡ್ಡಡ್ಡ ಎರಡು ಬಿದಿರ ಕಡ್ಡಿ. ಕೋಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತದಿದ್ದರೆ ತೊಗಟೆ ಸುಲಿಯುತ್ತದೆ. ಕೊಂಬೆಗೆ ಐದೇ ಏಟು, ಮೊದಲನೆಯದೇ ಜೋರು. ಮೆಲ್ಲಗೆ ಹೊಡೆದರೆ ಜೇಡ ನೂಲು ಬಿಟ್ಟು ನೇತಾಡುತ್ತದೆ, ಬಟ್ಟೆಗೆ ಬೀಳುವುದಿಲ್ಲ. ನೂರು ಎಲೆಗೆ ಇಷ್ಟು ಹುಳು ಎಂದು ಬರೆದುಕೊಳ್ಳುತ್ತೇನೆ. ಸಿಲ್ವರ್ ಓಕ್‌ನ ಸೀಳೆಲೆಗೂ ಹಲಸಿನ ಎಲೆಗೂ ಈ ಎಣಿಕೆ ಹೊಂದದು, ಅಲ್ಲಿ ಬಡಿದ ಕೊಂಬೆಯ ಎಲೆ ಕಿತ್ತು ಒಣಗಿಸಿ ತೂಗಿದೆ. ಎತ್ತರದ ಕೊಂಬೆಗೆ ಮೆಣಸು ಕೊಯ್ಯುವ ಒಂಟಿ ಬಿದಿರ ಏಣಿ ಮತ್ತು ಆಳು, ದಿನಕ್ಕೆ ಏಳೆಂಟು ನೂರು. ದುಬಾರಿಯಾದದ್ದು ಇದೊಂದೇ.

ಹೊತ್ತು ತಪ್ಪಿದರೆ ಎಲ್ಲವೂ ತಪ್ಪಿತು. ಆರೂವರೆಗೆ ಬಡಿದರೆ ಇಬ್ಬನಿಗೆ ಬಟ್ಟೆ ನೆನೆದು ಸಣ್ಣವು ಮುದ್ದೆಯಾಗುತ್ತವೆ. ಒಂಬತ್ತಾದರೆ ಹುಳುಗಳ ಮೈ ಬಿಸಿಯಾಗಿ ಬಿದ್ದೊಡನೆ ಹಾರುತ್ತವೆ. ನನಗೆ ಒಗ್ಗಿದ್ದು ಏಳೂಕಾಲರಿಂದ ಎಂಟೂವರೆ, ಅದೂ ಪಡುವಣ ಇಳಿಜಾರಿನಲ್ಲಿ. ಅಲ್ಲಿ ಬಿಸಿಲು ತಡ.

ಎರಡನೇ ವರ್ಷದ ಲೆಕ್ಕ ಕೆಡಿಸಿದ್ದು ಚಗಳಿ, ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಒಂದು ಗೂಡಿನ ಕೊಂಬೆ ತಗಲಿದರೆ ಸಾಕು, ಸರಾಸರಿ ಹತ್ತುಪಟ್ಟು ಏರುತ್ತದೆ. ಉಲಿಯಕ್ಕಿ ಚಗಳಿ ಹೆಕ್ಕಿದ್ದನ್ನು ನಾನು ಕಂಡಿಲ್ಲ, ಹಾಗಾಗಿ ಇರುವೆಗೆ ಬೇರೆ ಕಾಲಂ ಹಾಕಿದೆ. ಬರೀ ತಲೆ ಎಣಿಕೆಯನ್ನು ನಂಬುವುದನ್ನೂ ಬಿಟ್ಟೆ. ಕೀಟದ ಒಣತೂಕ ಉದ್ದದ 2.62ನೇ ಘಾತದಂತೆ ಏರುತ್ತದೆ. 10 ಮಿ.ಮೀ.ನ ಒಂದು ಹುಳು 2 ಮಿ.ಮೀ.ನ 65–70 ಹುಳುಗಳಿಗೆ ಸಮ. ಉದ್ದ ಅಳೆಯದ ಪಟ್ಟಿ ಹಕ್ಕಿಯ ಹೊಟ್ಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈ ತೂಕದ ಲೆಕ್ಕ ಹಾಕಿದಾಗಲೇ ಚಿತ್ರ ಸ್ಪಷ್ಟವಾಯಿತು. ಡಿಸೆಂಬರಿನಲ್ಲಿ ನೂರೆಲೆಗೆ ಐದಾರು ಹುಳು-ಜೇಡ ಇದ್ದದ್ದು ಫೆಬ್ರವರಿ ಹೊತ್ತಿಗೆ ಎರಡಕ್ಕಿಳಿಯಿತು, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಜೇಡ. ಕಂಬಳಿಹುಳು ಬೆರಳೆಣಿಕೆ. ಹಾಲುವಾಣ ಎಲೆ ಉದುರಿಸಿ ನಿಂತಾಗ ಉಲಿಯಕ್ಕಿಗಳು ಅತ್ತಿ, ಹಲಸಿನ ಹಸಿರಿಗೆ ಸರಿದವು. ಸಿಲ್ವರ್ ಓಕ್ ಮಾತ್ರ ಉದ್ದಕ್ಕೂ ಬಡವೇ.

ನಡುವೆ, ಅಡಗಿ ಕೂರುವ ಹುಳುಗಳನ್ನು ಹಿಡಿಯಲು ಗೋಣಿಪಟ್ಟಿಯನ್ನು ಕಾಂಡಕ್ಕೆ ಸುತ್ತಿ ನೋಡಿದೆ. ಕಾಡುಜಿರಳೆ ಬಂದವು, ಹಿಂದೆಯೇ ಇರುವೆ ಬಂದು ಸಂಸಾರ ಹೂಡಿತು. ಒಣಗಿ ಸುರುಳಿಯಾದ ಎಲೆಗಳ ಕಟ್ಟು ಚೆನ್ನಾಗಿ ಫಲಿಸಿತು. ಮೂವತ್ತು ಎಲೆಯ ಕಟ್ಟನ್ನು ಆಳೆತ್ತರದಲ್ಲಿ ತೂಗುಬಿಟ್ಟರೆ ಎರಡು ವಾರದಲ್ಲಿ ನಾಲ್ಕೈದು ಜೇಡ ಸೇರುತ್ತವೆ. ದಾರಕ್ಕೆ ಇರುವೆ ಹತ್ತದಂತೆ ಏನು ಸವರುತ್ತೇನೆಂಬುದನ್ನು ಇನ್ನೊಂದು ಚಳಿಗಾಲ ನೋಡಿಯೇ ಹೇಳುವೆ. ಕಟ್ಟು ಇಳಿಸುವ ಮುನ್ನ ಕೆಳಗಿನಿಂದ ಚೀಲ ತೊಡಿಸಿ ಬಾಯಿ ಬಿಗಿಯಿರಿ, ದಾರ ಅಲುಗಿದರೆ ಮೊದಲು ಧುಮುಕುವುದು ದೊಡ್ಡ ಜೇಡಗಳೇ.