ಕರಿಬೇವಿನ ಹುಳ ಕೊಲ್ಲಬೇಡಿ: ಮನೆ ಅಂಗಳದಲ್ಲೇ ಚಿಟ್ಟೆ, ಹಕ್ಕಿ, ಜೇನಿಗೊಂದು ತೋಟ ಮಾಡುವುದು ಹೀಗೆ

ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಪ್ಪು ಬಿಳುಪಿನ ಚೂರೊಂದು ಕಾಣುತ್ತದೆ ಅಲ್ವಾ? ಹತ್ತಿರ ಹೋಗಿ ನೋಡಿ. ಅದು ಸದ್ದಿಲ್ಲದೆ ಎಲೆ ತಿನ್ನುತ್ತಿರುತ್ತದೆ. ಹಕ್ಕಿಗಳ ಕಣ್ಣು ತಪ್ಪಿಸಲು ಹಿಕ್ಕೆಯ ವೇಷ ಹಾಕಿದ ಮರಿಹುಳ ಅದು. ಕೆಲವು ದಿನ ಕಳೆದು, ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಎಲೆಯಷ್ಟೇ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬಿನಂಥದ್ದು ಹೊರಗೆ ಬಂದು ಘಾಟು ವಾಸನೆ ಹೊಡೆಯುತ್ತದೆ. ಆಮೇಲೆ ರೇಷ್ಮೆ ಎಳೆಯನ್ನು ಸೊಂಟಕ್ಕೆ ಸುತ್ತಿಕೊಂಡು ಕಡ್ಡಿಗೆ ಅಂಟಿ ಕೂರುತ್ತದೆ. ಹತ್ತು ಹನ್ನೆರಡು ದಿನಕ್ಕೆ ಅದರೊಳಗಿಂದ ಬರುವುದು ಕಾಮನ್ ಮಾರ್ಮನ್ ಅನ್ನುವ ದೊಡ್ಡ ಕಪ್ಪು ಚಿಟ್ಟೆ.

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಈ ಹುಳ ಕಂಡಾಗಲೆಲ್ಲ ನಾವು ಔಷಧಿ ಹೊಡೆಯುತ್ತಿದ್ದೆವು. ಎಲೆ ತೂತು ಬೀಳುತ್ತದೆ, ಒಗ್ಗರಣೆಗೆ ಸಿಗಲ್ಲ ಅಂತ ಅಮ್ಮನ ಬೇಜಾರು. ಒಂದು ಸಲ ಎರಡು ವಾರ ಊರಿಗೆ ಹೋಗಿದ್ದೆವು, ಔಷಧಿ ಹೊಡೆಯಲಿಲ್ಲ. ವಾಪಸ್ ಬಂದಾಗ ಗಿಡದ ಒಂದು ರೆಂಬೆ ಬೋಳಾಗಿತ್ತು. ಅದರ ಪಕ್ಕದಲ್ಲೇ ಆಗಷ್ಟೇ ಕೋಶ ಒಡೆದು ಬಂದ ಚಿಟ್ಟೆಯೊಂದು ರೆಕ್ಕೆ ಒಣಗಿಸಿಕೊಳ್ಳುತ್ತಾ ತೂಗುತ್ತಿತ್ತು. ಅಮ್ಮ ಕಾಫಿ ಲೋಟ ಹಿಡಿದುಕೊಂಡು ಅರ್ಧ ಗಂಟೆ ಅಲ್ಲೇ ನಿಂತರು. ಆ ರೆಂಬೆ ಹದಿನೈದು ದಿನದಲ್ಲಿ ಮತ್ತೆ ಚಿಗುರಿತು. ಆವತ್ತಿನಿಂದ ನಮ್ಮ ಮನೆಯಲ್ಲಿ ಔಷಧಿ ಡಬ್ಬ ಇಲ್ಲ.

ಚಿಟ್ಟೆ ಬರಲಿ ಅಂತ ತುಂಬಾ ಜನ ಬಣ್ಣ ಬಣ್ಣದ ಹೂವಿನ ಗಿಡ ತಂದು ಹಾಕುತ್ತಾರೆ. ಚಿಟ್ಟೆ ಬರುತ್ತದೆ, ಮಕರಂದ ಕುಡಿಯುತ್ತದೆ, ಹೋಗುತ್ತದೆ. ಅದು ಉಳಿಯಬೇಕಾದರೆ ಮೊಟ್ಟೆ ಇಡಲು ಜಾಗ ಬೇಕು, ಮರಿಗೆ ತಿನ್ನಲು ಎಲೆ ಬೇಕು. ಮರಿಗಳಿಗೋ ಎಲ್ಲ ಎಲೆಯೂ ಆಗುವುದಿಲ್ಲ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತದೆ, ತನ್ನ ಮರಿ ತಿನ್ನುವ ಗಿಡ ಅಂತ ಖಾತ್ರಿಯಾದರೆ ಮಾತ್ರ ಮೊಟ್ಟೆ ಇಡುತ್ತದೆ. ಸಾವಿರಾರು ವರ್ಷದಿಂದ ಈ ಮಣ್ಣಿನಲ್ಲಿ ಒಟ್ಟಿಗೆ ಬದುಕಿದ ಗಿಡ ಮತ್ತು ಹುಳದ ನಡುವಿನ ಒಪ್ಪಂದ ಇದು. ನಮ್ಮ ನೆಲದ ಗಿಡವನ್ನೇ ಹಾಕಿ ಅಂತ ಹೇಳುವುದು ಇದಕ್ಕೇ.

ಹಕ್ಕಿಗಳ ಕಥೆಯೂ ಇದೇ. ಗುಬ್ಬಚ್ಚಿ ತಾನು ಕಾಳು ತಿಂದರೂ ಮರಿಗೆ ತಿನ್ನಿಸುವುದು ಹುಳವನ್ನೇ. ಮಕರಂದ ಕುಡಿಯುವ ಸೂರಕ್ಕಿ ಕೂಡ ಮರಿಗೆ ಜೇಡ, ಸಣ್ಣ ಹುಳ ತರುತ್ತದೆ. ಎಲೆ ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿ ದಿನವಿಡೀ ಹುಳ ಹುಡುಕುತ್ತದೆ. ಒಂದು ಹುಳವೂ ಇಲ್ಲದ ಚೆಂದದ ತೋಟದಲ್ಲಿ ಹಕ್ಕಿ ಮರಿ ಸಾಕುವುದು ಹೇಗೆ ಹೇಳಿ?

ಮೊದಲು ಒಂದು ವಾರ ಸುಮ್ನೆ ನೋಡಿ

ನರ್ಸರಿಗೆ ಓಡಬೇಡಿ. ನಿಮ್ಮ ಜಾಗದಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಅಂತ ಬರೆದಿಡಿ. ಚಿಟ್ಟೆಗೆ ಬಿಸಿಲು ಬೇಕು, ಮೈ ಕಾಯದೆ ಅದಕ್ಕೆ ಹಾರಲು ಆಗುವುದಿಲ್ಲ. ತಾನಾಗಿ ಹುಟ್ಟಿದ ಗಿಡ ಯಾವುದಿದೆ ನೋಡಿ. ತುಂಬೆ, ನೆಲನೆಲ್ಲಿ, ಉತ್ತರಾಣಿ, ಗರಿಕೆ ಕಂಡರೆ ಕಳೆ ಅಂತ ಕೀಳಬೇಡಿ. ತುಂಬೆಯ ಪುಟ್ಟ ಬಿಳಿ ಹೂವಿಗೆ ಬೆಳಿಗ್ಗೆ ಎಂಟು ಗಂಟೆಗೆ ಬರುವ ಜೇನು, ಚಿಟ್ಟೆಗಳನ್ನು ಒಂದು ಸಲ ಲೆಕ್ಕ ಮಾಡಿ ನೋಡಿ, ಆಮೇಲೆ ಅದನ್ನು ಕೀಳಲು ನಿಮಗೇ ಮನಸ್ಸು ಬರುವುದಿಲ್ಲ.

ಪಾರ್ಥೇನಿಯಂ ಮತ್ತು ಲಂಟಾನ ಇದ್ದರೆ ಮಾತ್ರ ಬೇರುಸಮೇತ ತೆಗೆಯಿರಿ. ಎರಡೂ ಅಮೆರಿಕ ಖಂಡದಿಂದ ಬಂದು ನಮ್ಮ ಹೊಲ, ಕಾಡುಗಳನ್ನು ನುಂಗಿದ ಗಿಡಗಳು. ಬಂಡೀಪುರದ ಕಡೆ ಹೋದವರಿಗೆ ರಸ್ತೆಯ ಎರಡೂ ಬದಿ ಲಂಟಾನ ಹಬ್ಬಿರುವುದು ಗೊತ್ತಿರುತ್ತದೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮುಂಚೆ, ಕೈಗೆ ಗ್ಲೌಸ್ ಹಾಕಿಕೊಂಡು ಕೀಳಿ. ಅದರಿಂದ ತುಂಬಾ ಜನಕ್ಕೆ ಅಲರ್ಜಿ ಆಗುತ್ತದೆ.

ಯಾವುದು ನಮ್ಮ ಗಿಡ?

ಇದರಲ್ಲಿ ನಾವು ಸುಲಭವಾಗಿ ಮೋಸ ಹೋಗುತ್ತೇವೆ. ಹಬ್ಬಕ್ಕೆ ಮಾಲೆ ಕಟ್ಟುವ ಚೆಂಡು ಹೂ ಮೆಕ್ಸಿಕೋ ಕಡೆಯದು. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು, ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಬೆಂಗಳೂರಿನ ರಸ್ತೆಗಳಲ್ಲಿ ಕಾಲಕ್ಕೊಂದು ಬಣ್ಣ ಅರಳಬೇಕು ಅಂತ ಲಾಲ್‌ಬಾಗ್ ತೋಟವನ್ನು ನೋಡಿಕೊಳ್ಳುತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಕಾಲದಿಂದ ನೆಟ್ಟ ಮರಗಳಲ್ಲಿ ಜಕರಾಂಡ, ಟಬೂಬಿಯಾದಂಥ ಹೊರಗಿನವು ಬಹಳ. ಇವನ್ನೆಲ್ಲ ಕಡಿಯಿರಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಇರುವ ಮರ ಇರಲಿ, ನೆರಳು ಕೊಡುತ್ತಿದೆ, ಅದರಲ್ಲಿ ಗೂಡುಗಳೂ ಇರುತ್ತವೆ. ಹೊಸದಾಗಿ ನೆಡುವಾಗ ನಮ್ಮದನ್ನು ನೆಡಿ ಅಷ್ಟೇ.

ನಮ್ಮದು ಅಂದರೆ ಕರ್ನಾಟಕದ್ದೆಲ್ಲ ಎಲ್ಲ ಕಡೆ ಬೆಳೆಯುತ್ತದೆ ಅಂತಲೂ ಅಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಆಗುಂಬೆಯಲ್ಲಿ 7000 ದಾಟುತ್ತದೆ. ಬಯಲುಸೀಮೆಗೆ ತಂಗಡಿ, ಎಕ್ಕ, ಲಕ್ಕಿ, ಮುತ್ತುಗ, ಕಕ್ಕೆ, ಹೊಂಗೆ ಒಪ್ಪುತ್ತವೆ. ಕರಾವಳಿ, ಮಲೆನಾಡಿನವರಿಗೆ ಕೇಪಳ ಇದೆ, ಇನ್ನೂ ನೂರೆಂಟು ಇದೆ. ನಿಮ್ಮ ಊರಿನ ಹಳೆಯ ಕೆರೆ ಏರಿ, ದೇವರಕಾಡು, ಬೆಟ್ಟದ ಬುಡದಲ್ಲಿ ಯಾರೂ ನೀರು ಹಾಕದೆ ಏನು ಬೆಳೆದಿದೆಯೋ ಅದೇ ನಿಮ್ಮ ಪಟ್ಟಿ.

ಮರಿಗೆ ಊಟ ಆಗುವ ಗಿಡಗಳು

ನನ್ನ ಪ್ರಕಾರ ತೋಟದ ಜೀವ ಇರುವುದು ಇಲ್ಲೇ. ಬಾಲ್ಕನಿ ಮಾತ್ರ ಇರುವವರು ಕರಿಬೇವು, ನಿಂಬೆಯಿಂದ ಶುರು ಮಾಡಿ. ಎರಡಕ್ಕೂ ಕಾಮನ್ ಮಾರ್ಮನ್ ಮತ್ತು ಲೈಮ್ ಚಿಟ್ಟೆ ಬರುತ್ತವೆ. ಒಂದೂವರೆ ಅಡಿಯ ಕುಂಡ ಸಾಕು. ಆದರೆ ಗಿಡ ಎರಡು ಇರಲಿ, ಒಂದು ಅಡುಗೆಗೆ, ಇನ್ನೊಂದು ಹುಳಕ್ಕೆ. ಅಡುಗೆ ಗಿಡದಲ್ಲಿ ಹುಳ ಕಂಡರೆ ಎಲೆ ಸಮೇತ ತೆಗೆದು ಪಕ್ಕದ ಗಿಡದ ಮೇಲೆ ಇಡಿ. ನಮ್ಮನೆಯಲ್ಲಿ ಈಗ ಈ ಕೆಲಸ ಅಮ್ಮನದು.

ಸ್ವಲ್ಪ ನೆಲ ಇದ್ದರೆ ಎಕ್ಕ ಹಾಕಿ. ಪ್ಲೇನ್ ಟೈಗರ್ ಚಿಟ್ಟೆಯ ಮರಿ ಇದರ ಎಲೆ ತಿನ್ನುತ್ತದೆ, ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿರುವ ಮನೆಯಲ್ಲಿ ಜೋಪಾನ. ಹರಳು ಗಿಡಕ್ಕೆ ಕಾಮನ್ ಕ್ಯಾಸ್ಟರ್ ಬರುತ್ತದೆ, ಅದರ ಬೀಜ ವಿಷ, ಅದೂ ನೆನಪಿರಲಿ. ಕಾಂಪೌಂಡ್ ಪಕ್ಕ ಉದ್ದಕ್ಕೆ ಬೆಳೆಯುವ ಅಶೋಕ ಮರ ನಿಮ್ಮ ಬೀದಿಯಲ್ಲಿ ಈಗಾಗಲೇ ಇರಬಹುದು. ಹಸಿರು ಚುಕ್ಕೆಯ ಟೇಲ್ಡ್ ಜೇ ಚಿಟ್ಟೆಯ ಮರಿಗೆ ಅದರ ಎಲೆಯೇ ಊಟ. ಜಾಗ ಜಾಸ್ತಿ ಇರುವವರು ಕಕ್ಕೆ ನೆಡಿ. ಬೇಸಿಗೆಯಲ್ಲಿ ಹಳದಿ ಗೊಂಚಲು ಕಣ್ಣು ತುಂಬುತ್ತದೆ, ಜೊತೆಗೆ ಕಾಮನ್ ಎಮಿಗ್ರಂಟ್ ಚಿಟ್ಟೆಗಳು ಬಂದು ಮೊಟ್ಟೆ ಇಡುತ್ತವೆ.

ಈಶ್ವರಿ ಬಳ್ಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳ ಮರಿಗೆ ಇದು ಬೇಕೇ ಬೇಕು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಇದೇ ಜಾತಿಯ ಬಳ್ಳಿಗಳೇ ಆಸರೆ. ಮಲೆನಾಡು, ಕರಾವಳಿಯವರು ಇದನ್ನು ಬೆಳೆಸಿದರೆ ಹಳದಿ ರೆಕ್ಕೆಯ ಆ ದೊಡ್ಡ ಚಿಟ್ಟೆ ಅಂಗಳಕ್ಕೇ ಬರಬಹುದು. ಈ ಬಳ್ಳಿ ತಿಂದ ಚಿಟ್ಟೆಗಳ ಮೈಯಲ್ಲೂ ವಿಷ ಇರುತ್ತದೆ. ಅದಕ್ಕೇ ಕರಿಬೇವು ತಿಂದು ಬೆಳೆದ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಈ ರೋಸ್ ಚಿಟ್ಟೆಗಳ ಹಾಗೇ ಕೆಂಪು ಮಚ್ಚೆಯ ರೆಕ್ಕೆ ತೊಟ್ಟು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ಹಿತ್ತಲಿನ ಎರಡು ಗಿಡಗಳ ನಡುವೆ ಇಷ್ಟೆಲ್ಲ ನಡೆಯುತ್ತಿರುತ್ತದೆ.

ಕೊಳ್ಳುವಾಗ ಎಚ್ಚರ. ಇದೇ ಜಾತಿಯ, ದೊಡ್ಡ ಚುಕ್ಕೆ ಹೂ ಬಿಡುವ ವಿದೇಶಿ ಬಳ್ಳಿಗಳನ್ನು ಅಲಂಕಾರಕ್ಕೆ ಬೆಳೆಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಂಥ ಒಂದು ದಕ್ಷಿಣ ಅಮೆರಿಕದ ಬಳ್ಳಿಯನ್ನು ತಮ್ಮದೇ ಅಂದುಕೊಂಡು ರಿಚ್‌ಮಂಡ್ ಬರ್ಡ್‌ವಿಂಗ್ ಚಿಟ್ಟೆಗಳು ಮೊಟ್ಟೆ ಇಡುತ್ತವೆ, ಎಲೆ ತಿಂದ ಮರಿಗಳು ಸಾಯುತ್ತವೆ. ನೋಡಲು ಹತ್ತಿರದ ಗಿಡ ಆದರೆ ಸಾಲದು, ಅದೇ ಗಿಡ ಆಗಬೇಕು.

ಇನ್ನು ಬೆಳೆದ ಚಿಟ್ಟೆಗಳಿಗೆ ಹೂವು. ತುಂಬೆ, ತುಳಸಿ, ಲಕ್ಕಿ, ಕೇಪಳ, ಆಡುಸೋಗೆ, ಸ್ಪಟಿಕ ಇಷ್ಟಿದ್ದರೆ ವರ್ಷದಲ್ಲಿ ಬಹುಪಾಲು ದಿನ ಏನಾದರೊಂದು ಅರಳಿರುತ್ತದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುವ ಗಿಲಿಗಿಚ್ಚಿ ಗಿಡವನ್ನೂ ಒಂದು ಮೂಲೆಯಲ್ಲಿ ಬಿಡಿ. ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿನ ಕಡೆ, ಮಳೆಗಾಲ ಮುಗಿದ ಮೇಲೆ ಮತ್ತೆ ಘಟ್ಟದ ಕಡೆ ಬ್ಲೂ ಟೈಗರ್ ಚಿಟ್ಟೆಗಳು ಹಿಂಡು ಹಿಂಡಾಗಿ ಹೋಗುತ್ತವೆ. ಅವುಗಳಲ್ಲಿ ಗಂಡುಗಳು ಈ ಗಿಡಕ್ಕೆ ಮುತ್ತಿಕೊಂಡು ಅದರ ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಅವಕ್ಕೆ ಅದು ಬೇಕು.

ತಂಗಡಿಯ ಹಳದಿ ಹೂವಿನಲ್ಲಿ ಮಕರಂದ ಇರುವುದಿಲ್ಲ. ಆದರೂ ಕಪ್ಪು ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಗುಂಯ್ ಅಂತ ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಟೊಮೆಟೊ, ಬದನೆ ಹೂವಿಗೂ ಇಂಥ ನಡುಕವೇ ಬೇಕು. ತುಡುವೆ, ಹೆಜ್ಜೇನುಗಳಿಗೆ ಇದು ಬರುವುದಿಲ್ಲ. ಟೆರೇಸಿನಲ್ಲಿ ಬದನೆ ಹಾಕುವವರು ಒಂದು ತಂಗಡಿ ಇಟ್ಟುಕೊಂಡರೆ ದುಂಬಿಗೆ ದಾರಿ ಗೊತ್ತಾಗುತ್ತದೆ.

ನೆಡುವುದು

ಮೃಗಶಿರ ಮಳೆ ಹಿಡಿದ ಮೇಲೆ ನೆಡಿ. ಜೂನ್‌ನಲ್ಲಿ ನೆಟ್ಟ ಗಿಡ ಬೇಸಿಗೆ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ಆ ಸಮಯಕ್ಕೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊಂಗೆ, ನೇರಳೆಯಂಥ ಸಸಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ನೆಲದ ಗಿಡಕ್ಕೆ ಗೊಬ್ಬರ ಜಾಸ್ತಿ ಬೇಡ, ತಂಗಡಿ, ಎಕ್ಕ ಬಡ ಮಣ್ಣಿನಲ್ಲೇ ಗಟ್ಟಿಯಾಗಿ ಬರುತ್ತವೆ. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ ರಾತ್ರಿ ನೆನೆಸಿ ಹಾಕಿ. ಕರಿಬೇವಿನ ಹಣ್ಣಿನ ಬೀಜವನ್ನು ಹಸಿಯಾಗಿರುವಾಗಲೇ ಹಾಕಬೇಕು, ಒಣಗಿಸಿಟ್ಟರೆ ಹುಟ್ಟುವುದು ಕಷ್ಟ.

ಬಿಡಿ ಬಿಡಿಯಾಗಿ ನೆಡುವ ಬದಲು ಒತ್ತಾಗಿ ನೆಡಿ. ಎತ್ತರದ್ದು ಹಿಂದೆ, ಪೊದೆ ನಡುವೆ, ತುಂಬೆ ತುಳಸಿ ಮುಂದೆ. ಪೊದೆ ಇದ್ದರೆ ಟುವ್ವಿ ಹಕ್ಕಿಗೆ ಧೈರ್ಯ ಬರುತ್ತದೆ.

ಔಷಧಿ ಬೇಡ, ಬೇವಿನ ಎಣ್ಣೆಯೂ ಬೇಡ

ಬೇವಿನ ಎಣ್ಣೆ ಸಾವಯವ ಅಲ್ವಾ, ಹೊಡೆದರೆ ಏನಾಗುತ್ತೆ ಅಂತ ಕೇಳುತ್ತಾರೆ. ಅದನ್ನು ಹೊಡೆಯುವುದೇ ಎಲೆ ತಿನ್ನುವ ಹುಳ ಬೆಳೆಯದೆ ಇರಲಿ ಅಂತ. ಚಿಟ್ಟೆ ಮರಿಯೂ ಎಲೆ ತಿನ್ನುವ ಹುಳವೇ. ಎಕ್ಕದ ಚಿಗುರಿಗೆ ಹಳದಿ ಹೇನು ಮುತ್ತಿದರೆ ಗಾಬರಿ ಆಗಬೇಡಿ. ಸ್ವಲ್ಪ ದಿನ ತಾಳಿ, ಅದನ್ನು ತಿನ್ನಲು ಕೆಂಪು ಗುಲಗಂಜಿ ಹುಳ ಬರುತ್ತದೆ. ತೀರಾ ಜಾಸ್ತಿ ಆದರೆ ಪೈಪಿನಿಂದ ನೀರು ಹಾಯಿಸಿ ಉದುರಿಸಿ.

ನರ್ಸರಿಯಿಂದ ತಂದ ಗಿಡಕ್ಕೆ ಅಲ್ಲೇ ಔಷಧಿ ಹೊಡೆದಿರುವುದುಂಟು. ನಾವು ತಂದ ಒಂದು ನಿಂಬೆ ಗಿಡದ ಮೇಲೆ ಹುಟ್ಟಿದ ಮರಿಗಳೆಲ್ಲ ಎರಡೇ ದಿನದಲ್ಲಿ ಕಪ್ಪಾಗಿ ಸತ್ತವು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಹೊಸ ಗಿಡ ತಂದರೆ ಔಷಧಿ ಹೊಡೆದಿದ್ದೀರಾ ಅಂತ ಕೇಳಿ, ಹಳೆಯ ಎಲೆ ಕತ್ತರಿಸಿ, ಹೊಸ ಚಿಗುರು ಬರುವ ತನಕ ಸೊಳ್ಳೆ ಪರದೆಯ ತುಂಡು ಮುಚ್ಚಿಡಿ.

ಎಲೆ, ಮಣ್ಣು, ನೀರು

ಉದುರಿದ ಎಲೆಯನ್ನು ಗುಡಿಸಿ ಸುಡಬೇಡಿ. ಗಿಡದ ಬುಡಕ್ಕೆ ಹಾಸಿ. ಅದರೊಳಗೆ ಎರೆಹುಳ, ಜೇಡ, ಕಪ್ಪೆ ಎಲ್ಲಕ್ಕೂ ಜಾಗ ಆಗುತ್ತದೆ. ಹಾವು ಬರುತ್ತದೆ ಅನ್ನುವ ಭಯ ನಮ್ಮ ಮನೆಯಲ್ಲೂ ಇತ್ತು. ಹಾವು ಬರುವುದು ಹೆಚ್ಚಾಗಿ ಇಲಿಯ ಹಿಂದೆ. ಅನ್ನ, ಮುಸುರೆ ತೋಟಕ್ಕೆ ಎಸೆಯಬೇಡಿ, ಎಲೆ ರಾಶಿಯನ್ನು ಬಾಗಿಲಿನಿಂದ ದೂರ ಇಡಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಕೈ ಹಾಕಬೇಡಿ.

ಒಂದೆರಡು ಅಡಿ ಜಾಗವನ್ನು ಬರಿ ಮಣ್ಣಾಗಿಯೇ ಬಿಡಿ. ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ ಮಣ್ಣೊಳಗೆ ಗೂಡು ತೋಡುವ ಒಂಟಿ ಜೇನುಗಳಿಗೆ ದಿಕ್ಕಿಲ್ಲ. ಗುಲಾಬಿ ಎಲೆಯ ಅಂಚು ದುಂಡಗೆ ಕತ್ತರಿಸಿದ ಹಾಗಿದ್ದರೆ ಅದೂ ಒಂದು ಜೇನಿನ ಕೆಲಸ, ಆ ಚೂರಿನಿಂದ ಅದು ತನ್ನ ಮರಿಗೆ ತೊಟ್ಟಿಲು ಕಟ್ಟುತ್ತದೆ. ಗೋಡೆ ಸಂದಿಯಲ್ಲಿ ಸಣ್ಣ ಮೇಣದ ಕೊಳವೆ ಕಂಡರೆ ಅದು ಮುಜಂಟಿ, ಕೆಲವರು ನಸರಿ ಅಂತಾರೆ. ಅದಕ್ಕೆ ಚುಚ್ಚಲು ಕೊಂಡಿ ಇಲ್ಲ. ಸಿಮೆಂಟ್ ಹಾಕಿ ಮುಚ್ಚಬೇಡಿ.

ನೀರಿಗೆ ಅಗಲವಾದ ಮಣ್ಣಿನ ತಟ್ಟೆ, ನಡುವೆ ಕಾಲೂರಲು ಒಂದೆರಡು ಕಲ್ಲು. ಎರಡು ದಿನಕ್ಕೊಮ್ಮೆ ಚೆಲ್ಲಿ, ಒಳಗೆ ಉಜ್ಜಿ ತೊಳೆದು ತುಂಬಿಸಿ. ಡೆಂಗಿ ಸೊಳ್ಳೆ ಪಾತ್ರೆಯ ಅಂಚಿಗೆ ಮೊಟ್ಟೆ ಅಂಟಿಸುತ್ತದೆ, ಸುಮ್ನೆ ನೀರು ಬದಲಿಸಿದರೆ ಸಾಲದು.

ಮೊದಲ ವರ್ಷ

ಮೊದಲ ಮಳೆಗಾಲದಲ್ಲಿ ಹೆಚ್ಚೇನೂ ಕಾಣಿಸದೆ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಹತ್ತು ನಿಮಿಷ ಗಿಡದ ಮುಂದೆ ಕೂತು, ಎಲೆಯ ಕೆಳಗೂ ನೋಡಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಫೋಟೊ ಸಾಕು. ಮೈಸೂರಿನವರು ಕಾರಂಜಿ ಕೆರೆಯ ಚಿಟ್ಟೆ ಪಾರ್ಕಿಗೆ, ಬೆಂಗಳೂರಿನವರು ಬನ್ನೇರುಘಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಹೆಸರುಗಳು ಬೇಗ ಬಾಯಿಗೆ ಬರುತ್ತವೆ. ಮಳೆ ನಿಂತ ಮೇಲೆ ತಂಗಡಿ, ಗಿಲಿಗಿಚ್ಚಿ ಕಾಯಿ ಒಣಗುತ್ತವೆ. ಬೀಜ ಬಿಡಿಸಿ, ಕಾಗದದ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆಯಿರಿ. ನಮ್ಮ ಬೀದಿಯಲ್ಲಿ ಹೋದ ವರ್ಷ ಹನ್ನೊಂದು ಪೊಟ್ಟಣ ಹಂಚಿದೆವು. ಎದುರು ಮನೆಯ ಅಜ್ಜಿ ತಮ್ಮ ಕರಿಬೇವಿನಲ್ಲಿ ಹುಳ ಕಂಡರೆ ಈಗ ಅಮ್ಮನಿಗೆ ಕೂಗಿ ಹೇಳುತ್ತಾರೆ.