ಬೇಸಿಗೆಯ ಓದಿಗೆ ‘ಫ್ಯಾರನ್‌ಹೀಟ್ 451’: ನಾನು ಅಧ್ಯಯನ ಮಾಡಿದ ಬಗೆ

ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ಜೂನ್ ತಿಂಗಳಲ್ಲಿ ತರಗತಿಗಳು ಮುಗಿಯುವಾಗ ವಿದ್ಯಾರ್ಥಿಗಳಿಗೆ ರಜೆಯ ಓದಿಗೆಂದು ಪುಸ್ತಕವೊಂದನ್ನು ಗೊತ್ತುಪಡಿಸುತ್ತಾರೆ. ಅದನ್ನು ಓದಿ, ಟಿಪ್ಪಣಿ ಪುಸ್ತಕ ಸಿದ್ಧಪಡಿಸಿ, ಶಾಲೆ ಮತ್ತೆ ತೆರೆದ ಕೂಡಲೇ ಪ್ರಬಂಧ ಬರೆಯಲು ತಯಾರಾಗಿರಬೇಕು. ಧಾರವಾಡದಲ್ಲಿ ಎಂಟನೆಯ ತರಗತಿ ಮುಗಿಸಿ ತಂದೆತಾಯಿಯರೊಂದಿಗೆ ನ್ಯೂಜೆರ್ಸಿಗೆ ಬಂದಿದ್ದ ನನಗೆ ಹತ್ತನೆಯ ತರಗತಿಯ ಮುಂಚಿನ ಬೇಸಿಗೆಯಲ್ಲಿ ಬಂದದ್ದು ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’. 1953ರಲ್ಲಿ ಪ್ರಕಟವಾದ ಈ ಡಿಸ್ಟೋಪಿಯನ್, ಅಂದರೆ ಕೆಟ್ಟುಹೋದ ಭವಿಷ್ಯದ ಸಮಾಜವೊಂದನ್ನು ಕಲ್ಪಿಸುವ, ಕಾದಂಬರಿಯಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧ. ಬೆಂಕಿ ಆರಿಸಬೇಕಾದ ದಳದವರೇ ಪುಸ್ತಕಗಳಿಗೂ ಅವುಗಳನ್ನು ಬಚ್ಚಿಟ್ಟ ಮನೆಗಳಿಗೂ ಬೆಂಕಿ ಹಚ್ಚುತ್ತಾರೆ. ಅವರಲ್ಲೊಬ್ಬನಾದ ಗೈ ಮೊಂಟ್ಯಾಗ್ ತಾನು ಸುಡುತ್ತಿರುವುದರಲ್ಲಿ ಏನಿದೆಯೆಂದು ಯೋಚಿಸತೊಡಗುವುದರಿಂದ ಕಥೆ ಬೆಳೆಯುತ್ತದೆ.

ಇಂಥ ಕಾದಂಬರಿಯನ್ನು ಓದುವವರು ಸಾಮಾನ್ಯವಾಗಿ ಲೇಖಕರು ಹೇಳಿದ್ದರಲ್ಲಿ ಯಾವುದೆಲ್ಲ ನಿಜವಾಯಿತೆಂದು ಗುರುತು ಹಾಕುತ್ತಾ ಹೋಗುತ್ತಾರೆ. ಗೋಡೆಯಗಲದ ಟಿ.ವಿ., ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ರೇಡಿಯೊ ಇವೆಲ್ಲ ಇದರಲ್ಲಿ ಇರುವುದರಿಂದ ಆ ದಾರಿ ಬಹಳ ಸುಲಭ. ಆದರೆ ಹಾಗೆ ಓದಿದರೆ ಯಂತ್ರಗಳ ಪಟ್ಟಿಯೊಂದು ಕೈಗೆ ಬರುತ್ತದೆಯೇ ಹೊರತು ಕಾದಂಬರಿ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಶಾಲೆ ಕೇಳಿದ್ದು ಎರಡು ಅಂಕಣಗಳ ಟಿಪ್ಪಣಿ: ಎಡಕ್ಕೆ ಪುಸ್ತಕದ ಸಾಲು, ಬಲಕ್ಕೆ ನನ್ನ ಪ್ರತಿಕ್ರಿಯೆ. ನಾನು ಮೂರನೆಯ ಅಂಕಣವೊಂದನ್ನು ಸೇರಿಸಿ ಅದರ ಮೇಲೆ ‘ಇದನ್ನು ಯಾರು ಬಯಸಿದರು?’ ಎಂದು ಬರೆದುಕೊಂಡೆ. ಮೊದಲ ಓದನ್ನು ಪೆನ್ನು ಹಿಡಿಯದೆ ಮುಗಿಸಿ, ಎರಡನೆಯ ಓದಿನಲ್ಲಿ ಪ್ರತಿಯೊಂದು ಮುಖ್ಯ ಸನ್ನಿವೇಶಕ್ಕೂ ಆ ಪ್ರಶ್ನೆಯನ್ನು ಹಾಕಿದೆ.

ಅಂಕಣ ತುಂಬುತ್ತಾ ಹೋದಂತೆ ಕಾದಂಬರಿಯ ಸ್ವರೂಪವೇ ಬೇರೆಯಾಗಿ ಕಾಣಿಸಿತು. ಮೊಂಟ್ಯಾಗ್‌ನ ಹೆಂಡತಿ ಮಿಲ್ಡ್ರೆಡ್ ಮೂರು ಗೋಡೆಗಳ ಟಿ.ವಿ. ಸಾಲದೆಂದು ನಾಲ್ಕನೆಯದಕ್ಕೂ ಹಂಬಲಿಸುತ್ತಾಳೆ. ಅವಳನ್ನು ಯಾರೂ ಬಲವಂತಪಡಿಸಿಲ್ಲ. ಕೊನೆಗೆ ಗಂಡನ ಮೇಲೆ ದೂರು ಕೊಡುವವಳೂ ಅವಳೇ. ಸರ್ವಾಧಿಕಾರಿಯೊಬ್ಬನನ್ನು ಹುಡುಕಿಕೊಂಡು ಹೋದ ಓದುಗರಿಗೆ ಇಲ್ಲಿ ಅಂಥ ಮುಖ ಸಿಗುವುದೇ ಇಲ್ಲ.

ನಾನು ಹೆಚ್ಚು ಕಾಲ ಕಳೆದದ್ದು ದಳದ ಮುಖ್ಯಸ್ಥ ಕ್ಯಾಪ್ಟನ್ ಬೀಟಿ ಮೊಂಟ್ಯಾಗ್‌ನ ಹಾಸಿಗೆಯ ಪಕ್ಕದಲ್ಲಿ ಕುಳಿತು ಮಾಡುವ ದೀರ್ಘ ಭಾಷಣದ ಮೇಲೆ. ಪುಸ್ತಕಗಳ ಅಂತ್ಯ ಸರ್ಕಾರದ ಆಜ್ಞೆಯಿಂದ ಆರಂಭವಾಗಲಿಲ್ಲವೆಂದು ಅವನು ಹೇಳುತ್ತಾನೆ. ಮೊದಲು ಮಹಾಕೃತಿಗಳನ್ನು ಹದಿನೈದು ನಿಮಿಷಗಳ ರೇಡಿಯೊ ಕಾರ್ಯಕ್ರಮಕ್ಕೆ ಹೊಂದುವಂತೆ ಕತ್ತರಿಸಿದರು, ಆಮೇಲೆ ಎರಡು ನಿಮಿಷದಲ್ಲಿ ಓದಿ ಮುಗಿಸುವ ಅಂಕಣಕ್ಕೆ ಇಳಿಸಿದರು, ಕಡೆಗೆ ನಿಘಂಟಿನ ಹತ್ತು ಹನ್ನೆರಡು ಸಾಲುಗಳಲ್ಲಿ ನಿಲ್ಲಿಸಿದರು. ಈ ಭಾಗವನ್ನು ಓದಿದ ಮೇಲೆ, ಅಧ್ಯಾಯಗಳ ಸಾರಾಂಶ ಕೊಡುವ ಯಾವ ಮಾರ್ಗದರ್ಶಿಯನ್ನೂ ಈ ಕೃತಿಗಾಗಿ ತೆರೆಯಬಾರದೆಂದು ನಿಶ್ಚಯಿಸಿಕೊಂಡೆ. ಬೀಟಿ ಆ ದಳದಲ್ಲೇ ಅತ್ಯಂತ ಹೆಚ್ಚು ಓದಿಕೊಂಡವನು; ಕವಿಗಳ ಸಾಲುಗಳು ಅವನ ನಾಲಿಗೆಯ ತುದಿಯಲ್ಲಿವೆ. ಆದ್ದರಿಂದ ಅವನ ಮಾತುಗಳನ್ನು ಗಟ್ಟಿಯಾಗಿ ಓದಿ, ಅವನು ಹೇಳುವ ಇತಿಹಾಸ ಎಲ್ಲಿ ಮುಗಿಯುತ್ತದೆ, ಅದರಿಂದ ಅವನು ಎಳೆಯುವ ತೀರ್ಮಾನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಎರಡು ಬಣ್ಣಗಳಲ್ಲಿ ಗುರುತಿಸಿದೆ. ಜನ ಓದುವುದನ್ನು ಬಿಟ್ಟರೆಂಬುದು ಅವನ ಇತಿಹಾಸ. ಓದದಿದ್ದರೆ ಜನ ಸುಖವಾಗಿರುತ್ತಾರೆಂಬುದು ಅವನ ತೀರ್ಮಾನ. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನೂ ಒಪ್ಪಬೇಕಾಗಿಲ್ಲ. ನಿವೃತ್ತ ಪ್ರಾಧ್ಯಾಪಕ ಫೇಬರ್ ಕೊಡುವ ಉತ್ತರವನ್ನು ಇದರ ಎದುರಿಗೇ ಬರೆದುಕೊಂಡೆ: ಗುಣವುಳ್ಳ ವಿಷಯ, ಅದನ್ನು ಅರಗಿಸಿಕೊಳ್ಳುವ ಬಿಡುವು, ಅವೆರಡರಿಂದ ಕಲಿತಂತೆ ನಡೆಯುವ ಹಕ್ಕು, ಈ ಮೂರೂ ಬೇಕು.

ಗ್ರಂಥಾಲಯದಿಂದ ತಂದ ಪ್ರತಿಯ ಕೊನೆಯಲ್ಲಿ ಬ್ರಾಡ್‌ಬರಿಯವರ ಅನುಬಂಧವೂ ಇತ್ತು. 1967ರಿಂದ ಪ್ರಕಾಶಕರು ಪ್ರೌಢಶಾಲೆಗಳಿಗೆಂದೇ ತಂದ ಆವೃತ್ತಿಯಲ್ಲಿ, ಅವರಿಗೆ ತಿಳಿಸದೆ, ಬೈಗುಳದಂಥ ಮಾತುಗಳನ್ನೂ ಕೆಲವು ಪ್ರಸಂಗಗಳನ್ನೂ ಎಪ್ಪತ್ತೈದು ಕಡೆ ಬದಲಾಯಿಸಲಾಗಿತ್ತು. ಸಂಗತಿ ಅವರ ಗಮನಕ್ಕೆ ಬಂದದ್ದು 1979ರಲ್ಲಿ. ಆ ಬಳಿಕ ಮೂಲ ಪಾಠ ಮರಳಿ ಅಚ್ಚಾಯಿತು. ನನ್ನಂಥ ವಿದ್ಯಾರ್ಥಿಗಳ ಒಂದು ಪೀಳಿಗೆ, ಪುಸ್ತಕಗಳನ್ನು ಕತ್ತರಿಸುವುದರ ವಿರುದ್ಧದ ಕೃತಿಯನ್ನು ಕತ್ತರಿಸಿದ ರೂಪದಲ್ಲೇ ಓದಿತ್ತು. ಇದು ನನ್ನನ್ನು ಬಹಳ ಕಲಕಿತು, ಮತ್ತು ಪ್ರಬಂಧದ ಆರಂಭವೂ ಇದೇ ಆಯಿತು.

ಕೊನೆಯ ಭಾಗದಲ್ಲಿ ರೈಲುಹಳಿಯ ಬದಿಯಲ್ಲಿ ಅಲೆಯುವ ಗ್ರೇಂಜರ್ ಮತ್ತವನ ಸಂಗಡಿಗರು ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಮೊಂಟ್ಯಾಗ್‌ನ ಪಾಲಿಗೆ ಬೈಬಲ್ಲಿನ ‘ಪ್ರಸಂಗಿ’ ಎಂಬ ಭಾಗ ಬರುತ್ತದೆ. ಗದುಗಿನ ಭಾರತದ ಸಂಧಿಗಳನ್ನು ಪುಸ್ತಕ ನೋಡದೆ ವಾಚಿಸುತ್ತಿದ್ದ ನನ್ನ ಅಜ್ಜ ನೆನಪಾದರು. ಅವರ ಮುಂದೆ ಕೇಳುಗರಿರುತ್ತಿದ್ದರು, ತಪ್ಪಿದರೆ ತಿದ್ದಲು ಗ್ರಂಥವಿತ್ತು. ಗ್ರೇಂಜರ್‌ನ ಗುಂಪಿಗಾದರೋ ಸಿಕ್ಕಿಬೀಳುವ ಭಯ. ಓದಿ ನೆನಪಿಟ್ಟುಕೊಂಡ ಪುಸ್ತಕಗಳನ್ನು ಅವರೂ ಸುಡುತ್ತಾರೆ. ಈ ಒಂದು ಸಂಗತಿಯನ್ನು ತರಗತಿಯ ಚರ್ಚೆಯಲ್ಲಿ ಎತ್ತಿದಾಗ ಬಹಳಷ್ಟು ಸಹಪಾಠಿಗಳು ಆ ಪುಟವನ್ನು ಮತ್ತೆ ತೆರೆದು ನೋಡಿದರು.

ಪ್ರಬಂಧದಲ್ಲಿ ನಾನು ಲೇಖಕರೊಂದಿಗೆ ಒಂದು ಕಡೆ ಭಿನ್ನಾಭಿಪ್ರಾಯವನ್ನೂ ದಾಖಲಿಸಿದೆ. ಸಣ್ಣ ಸಣ್ಣ ಗುಂಪುಗಳ ಆಕ್ಷೇಪಣೆಗಳೇ ಪುಸ್ತಕಗಳನ್ನು ಸವೆಸಿದವೆಂದು ಬೀಟಿ ಹೇಳುತ್ತಾನೆ. ಅನುಬಂಧದಲ್ಲಿ ಬ್ರಾಡ್‌ಬರಿಯವರೂ ಅದೇ ಧಾಟಿಯಲ್ಲಿ ಬರೆಯುತ್ತಾರೆ. ತಮ್ಮನ್ನು ಹೀನಾಯವಾಗಿ ಚಿತ್ರಿಸಿದ ಪುಸ್ತಕವನ್ನು ಟೀಕಿಸುವುದು ಓದಿನದೇ ಭಾಗ, ಅದು ಇನ್ನಷ್ಟು ಬರವಣಿಗೆಯನ್ನು ಹುಟ್ಟಿಸುತ್ತದೆ, ಬೇರೆಯವರ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳುವುದರ ಜೊತೆಗೆ ಅದನ್ನು ಸೇರಿಸಿ ಎಣಿಸಲಾಗದು ಎಂದು ನಾನು ವಾದಿಸಿದೆ. ಅದಕ್ಕೆ ಆಧಾರ ಕಾದಂಬರಿಯಲ್ಲೇ ಇದೆ: ಟೀಕಿಸಲಾದರೂ ಓದಿರಬೇಕು, ಆ ಪಟ್ಟಣದಲ್ಲಿ ಬಹುತೇಕ ಯಾರೂ ಓದುತ್ತಿರಲಿಲ್ಲ.